ಸ್ಟ್ರಾಟೋಕಾಸ್ಟರ್ ಮೇಲೋ, ಲೆಸ್ ಪಾಲ್ ಮೇಲೋ? ಗಿಟಾರ್ ವಾದದಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು?

ಗಿಟಾರ್ ಕಲಿಯುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಹರಿದಾಡುತ್ತವೆ. ಅಸಲಿ ರಾಕ್ ಸದ್ದು ಬರುವುದು ಲೆಸ್ ಪಾಲ್‌ನಲ್ಲಿ ಮಾತ್ರ ಎಂಬುದು ಒಂದು. ಮರ ಹಳೆಯದಾದಷ್ಟೂ ನಾದ ಹೆಚ್ಚು ಎಂಬುದು ಎರಡನೆಯದು. ಗಿಟಾರ್ ಭಾರವಿದ್ದಷ್ಟೂ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಮೂರನೆಯದು. ಇವನ್ನು ನಂಬಿ ಇಎಂಐ ಮಾಡಿ ದುಬಾರಿ ಗಿಟಾರ್ ಕೊಳ್ಳುವವರಿದ್ದಾರೆ. ಮನೆಯಲ್ಲಿರುವ ಸಾಧಾರಣ ಗಿಟಾರ್ ಸರಿಯಿಲ್ಲವೆಂದು ಕಲಿಕೆಯನ್ನೇ ಬಿಟ್ಟವರೂ ಇದ್ದಾರೆ. ಹಾಗಾಗಿ ಈ ಮಾತುಗಳಲ್ಲಿ ಹುರುಳೆಷ್ಟು ಎಂದು ನೋಡೋಣ.

ಮೂರು ಹಳೆಯ ವಿನ್ಯಾಸಗಳು

ಇಂದು ಅಂಗಡಿಗಳಲ್ಲಿ ಕಾಣುವ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹುಪಾಲು 1950ರ ದಶಕದ ಮೂರು ಮಾದರಿಗಳ ವಂಶದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬವರ ಕಂಪನಿ 1950ರಲ್ಲಿ ಒಂದು ಸರಳ ಗಿಟಾರ್ ತಂದಿತು. 1951ರಲ್ಲಿ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ಬಂತು. ಮಿಶಿಗನ್‌ನ ಗಿಬ್ಸನ್ ಕಂಪನಿ 1952ರಲ್ಲಿ ಸಂಗೀತಗಾರ ಲೆಸ್ ಪಾಲ್ ಅವರ ಹೆಸರಿನ ಗಿಟಾರ್ ಬಿಡುಗಡೆ ಮಾಡಿತು. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಬಂತು. ಲಿಯೋ ಫೆಂಡರ್ ಅವರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ.

ಸದ್ದು ಬೇರೆಯಾಗುವುದು ಏಕೆ?

ಈ ಗಿಟಾರ್‌ಗಳ ಸದ್ದು ಬೇರೆ ಬೇರೆ ಎನ್ನುವುದು ನಿಜ. ಅದಕ್ಕೆ ಮುಖ್ಯ ಕಾರಣ ತಂತಿಗಳ ಕೆಳಗಿರುವ ಪಿಕಪ್ ಎಂಬ ಭಾಗ. ಅದರಲ್ಲಿ ಇರುವುದು ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತೆಳು ತಾಮ್ರದ ತಂತಿ. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಏನನ್ನೂ ಹಿಡಿಯದು.

ಫೆಂಡರ್ ಗಿಟಾರ್‌ಗಳ ಪಿಕಪ್‌ನಲ್ಲಿ ಸಾಮಾನ್ಯವಾಗಿ ಒಂದೇ ಸುರುಳಿ ಇರುತ್ತದೆ. ಸದ್ದು ಚುರುಕು, ಗರಿಗರಿ. ಆದರೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದುಬಿಡುತ್ತದೆ. ಗಿಬ್ಸನ್‌ನ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಎರಡು ಸುರುಳಿಗಳ ಹಂಬಕರ್ ಎಂಬ ಉಪಾಯ ಕಂಡುಹಿಡಿದರು. ಎರಡನೇ ಸುರುಳಿಯನ್ನು ತಿರುವುಮುರುವಾಗಿ ಜೋಡಿಸಿ, ಅದರ ಅಯಸ್ಕಾಂತದ ದಿಕ್ಕನ್ನೂ ತಿರುಗಿಸಿದರು. ಹೊರಗಿನ ಗದ್ದಲಕ್ಕೆ ಅಯಸ್ಕಾಂತದ ಹಂಗಿಲ್ಲ. ಹಾಗಾಗಿ ಅದು ಎರಡು ಸುರುಳಿಗಳಲ್ಲಿ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ಸಂಕೇತ ಮಾತ್ರ ಎರಡು ಸಲ ತಿರುವುಮುರುವಾಗಿ ಮತ್ತೆ ಒಂದೇ ದಿಕ್ಕಿಗೆ ಬಂದು ಕೂಡಿಕೊಳ್ಳುತ್ತದೆ. ಫಲವಾಗಿ ಗದ್ದಲ ಕಡಿಮೆ, ಸದ್ದು ದಪ್ಪ. 1957ರಿಂದ ಲೆಸ್ ಪಾಲ್‌ಗಳಲ್ಲಿ ಹಂಬಕರ್ ಬಂತು.

ತಂತಿಯ ಉದ್ದವೂ ಒಂದು ಕಾರಣ. ಕಂಪಿಸುವ ಭಾಗ ಫೆಂಡರ್‌ನಲ್ಲಿ ಸುಮಾರು 648 ಮಿಲಿಮೀಟರ್, ಗಿಬ್ಸನ್‌ನಲ್ಲಿ ಸುಮಾರು 629. ಎರಡಕ್ಕೂ ಒಂದೇ ದಪ್ಪದ ತಂತಿ ಹಾಕಿ ಒಂದೇ ಶ್ರುತಿ ಮಾಡಿದರೆ, ಲೆಕ್ಕದ ಪ್ರಕಾರ ಉದ್ದದ ತಂತಿಯ ಬಿಗಿತ ಸುಮಾರು 6% ಹೆಚ್ಚು. ಆದ್ದರಿಂದಲೇ ಗಿಬ್ಸನ್‌ನಲ್ಲಿ ತಂತಿ ಎಳೆದು ಸ್ವರ ಏರಿಸುವುದು ಬೆರಳಿಗೆ ತುಸು ಹಗುರ. ಸಣ್ಣ ಕೈಯವರು ಗಿಬ್ಸನ್ ಮೆಚ್ಚಿದರೆ ಅದರ ಹಿಂದೆ ಇಂಥ ಕಾರಣವಿರಬಹುದು.

ಆದರೆ ಕೇಳಿ ಗುರುತಿಸಬಹುದೇ?

ಇಲ್ಲಿಂದ ನಂಬಿಕೆಗಳ ಆಟ ಶುರು. ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಎಂದರೆ ಎಲ್ಲರ ಕಣ್ಣಮುಂದೆ ಬರುವುದು ಲೆಸ್ ಪಾಲ್. ಆದರೆ ಆ ತಂಡದ ಮೊದಲ ಆಲ್ಬಮ್ಮಿನ ಎಲೆಕ್ಟ್ರಿಕ್ ಗಿಟಾರ್ ಭಾಗಗಳನ್ನು ಅವರು ಹೆಚ್ಚಾಗಿ ಟೆಲಿಕಾಸ್ಟರ್‌ನಲ್ಲಿ ನುಡಿಸಿದ್ದರು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಎಂದರೆ ಸ್ಟ್ರಾಟೋಕಾಸ್ಟರ್. ಆದರೆ 1979ರ 'ದಿ ವಾಲ್' ಆಲ್ಬಮ್ಮಿನ ಅತಿ ಜನಪ್ರಿಯ ಸೋಲೋ ಒಂದನ್ನು ಅವರು ನುಡಿಸಿದ್ದು ಲೆಸ್ ಪಾಲ್‌ನಲ್ಲಿ. ಕಿವಿಗಿಂತ ಮೊದಲು ಪೋಸ್ಟರ್ ನೋಡಿ ನಾವು ತೀರ್ಮಾನಿಸುತ್ತೇವೆ ಎನ್ನುವುದಕ್ಕೆ ಇವು ಒಳ್ಳೆಯ ಉದಾಹರಣೆ.

ಕಣ್ಣು ಕಟ್ಟಿ ಮಾಡಿದ ಪರೀಕ್ಷೆಗಳೂ ಇದನ್ನೇ ಹೇಳುತ್ತವೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಾಗಿದ್ದ ಆರು ಅಕೂಸ್ಟಿಕ್ ಗಿಟಾರ್‌ಗಳನ್ನು 52 ವಾದಕರ ಕೈಗೆ ಕೊಟ್ಟರು. ಗಿಟಾರ್ ಕಾಣದಂತೆ ವೆಲ್ಡಿಂಗ್ ಕನ್ನಡಕ ಹಾಕಿಸಿದ್ದರು. ದುಬಾರಿ ಮರ, ಅಗ್ಗದ ಮರ ಎಂಬ ಭೇದ ವಾದಕರ ಅಂಕಗಳಲ್ಲಿ ಹೆಚ್ಚೇನೂ ಕಾಣಲಿಲ್ಲ. ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು ಪ್ಯಾರಿಸ್‌ನಲ್ಲಿ ಹತ್ತು ಮಂದಿ ಹೆಸರಾಂತ ಪಿಟೀಲು ವಾದಕರಿಗೆ ಹೀಗೆಯೇ ಹಳೆಯ ಇಟಲಿಯ ಮತ್ತು ಹೊಸ ಪಿಟೀಲುಗಳನ್ನು ಕೊಟ್ಟಾಗ, ಆರು ಮಂದಿ ಆರಿಸಿಕೊಂಡದ್ದು ಹೊಸದನ್ನು.

ಇವೆರಡೂ ಮರದ ಪೆಟ್ಟಿಗೆಯೇ ಸದ್ದು ಹೊರಡಿಸುವ ವಾದ್ಯಗಳು. ಘನ ಮರದ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಆಂಪ್ಲಿಫೈಯರ್ ತಲುಪುವುದು ಪಿಕಪ್‌ನ ವಿದ್ಯುತ್ ಮಾತ್ರ. ಹಾಗೆಂದು ಮರಕ್ಕೆ ಯಾವ ಪಾತ್ರವೂ ಇಲ್ಲ ಎನ್ನುವ ಫಾರ್ವರ್ಡ್ ಕೂಡ ಅತಿರೇಕವೇ. ತಂತಿಯ ಶಕ್ತಿ ಗಿಟಾರ್‌ನ ಕತ್ತಿಗೆ ಸೋರಿಹೋಗುವ ಕೆಲವು ಜಾಗಗಳಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ. ಆದರೆ ಇದನ್ನು ನಿರ್ಧರಿಸುವುದು ಇಡೀ ಕಟ್ಟಡ, ಅದರಲ್ಲೂ ಕತ್ತಿನ ಗಡಸುತನ. ತಕ್ಕಡಿಯಲ್ಲಿ ತೂಗಿ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆಂದು ಹೇಳಲಾಗದು. ನಾಲ್ಕು ಕಿಲೋ ದಾಟುವ ಗಿಟಾರ್ ಎರಡು ಗಂಟೆ ಹೆಗಲಲ್ಲಿದ್ದರೆ ಬೆನ್ನು ಏನು ಹೇಳುತ್ತದೆ ಎಂಬುದನ್ನಂತೂ ಹೇಳಬಹುದು.

ಹಳೆಯದೆಲ್ಲ ಚಿನ್ನವೇ?

1958ರಿಂದ 1960ರವರೆಗೆ ತಯಾರಾದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್‌ಗಳಿಗೆ ಇಂದು ಕೋಟಿಗಳ ಲೆಕ್ಕದಲ್ಲಿ ಬೆಲೆ. ಆದರೆ ಆಗ ಅವು ಸರಿಯಾಗಿ ಮಾರಾಟವೇ ಆಗಲಿಲ್ಲ. 1961ರಲ್ಲಿ ಗಿಬ್ಸನ್ ಆ ವಿನ್ಯಾಸವನ್ನು ಕೈಬಿಟ್ಟು ತೆಳು ಬಾಡಿಯ ಬೇರೆ ಮಾದರಿ ತಂದಿತು. ಮುಂದೆ ಎರಿಕ್ ಕ್ಲಾಪ್ಟನ್ ಅವರಂಥವರು ಹಳೆಯ ಲೆಸ್ ಪಾಲ್‌ಗಳನ್ನು ಜೋರು ಆಂಪ್‌ಗಳಿಗೆ ಸಿಕ್ಕಿಸಿ ನುಡಿಸಿದ ಮೇಲೆ ಬೇಡಿಕೆ ಹುಟ್ಟಿತು, 1968ರಲ್ಲಿ ಕಂಪನಿ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಶುರುಮಾಡಿತು. ಗಿಟಾರ್ ಅದೇ, ಮರವೂ ಅದೇ. ಬದಲಾದದ್ದು ಜನರ ಕಿವಿ.

2019ರಲ್ಲಿ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೋಕಾಸ್ಟರ್ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಹೋಯಿತು. ಆ ಹಣ ಸಂದದ್ದು ಅದರ ಚರಿತ್ರೆಗೆ. ಅದರ ಮರಕ್ಕಾಗಲೀ ತಾಮ್ರಕ್ಕಾಗಲೀ ಅಷ್ಟು ಬೆಲೆಯಿಲ್ಲ.

ವಾದಕರ ಇಷ್ಟ ವಿನ್ಯಾಸವನ್ನೇ ಬದಲಿಸಿದ್ದೂ ಉಂಟು. ಸ್ಟ್ರಾಟೋಕಾಸ್ಟರ್‌ನ ಮೂಲ ಸ್ವಿಚ್‌ಗೆ ಮೂರೇ ಸ್ಥಾನಗಳಿದ್ದವು. ವಾದಕರು ಅದನ್ನು ಮಧ್ಯದಲ್ಲಿ ನಿಲ್ಲಿಸಿ ಎರಡು ಪಿಕಪ್‌ಗಳ ಬೆರಕೆ ಸದ್ದು ತೆಗೆಯುತ್ತಿದ್ದರು. 1977ರಲ್ಲಿ ಕಂಪನಿಯೇ ಐದು ಸ್ಥಾನಗಳ ಸ್ವಿಚ್ ಕೊಟ್ಟಿತು.

ನಮ್ಮ ಬೀಟೆ ಮರದ ಕಥೆ

ಈ ವಾದದ ಒಂದು ಎಳೆ ನಮ್ಮ ಮಲೆನಾಡಿಗೂ ಬರುತ್ತದೆ. ಬೆರಳಿಡುವ ಫ್ರೆಟ್‌ಬೋರ್ಡ್‌ಗೆ ರೋಸ್‌ವುಡ್ಡೇ ಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಕಡಿವಾಣ ಬಿದ್ದ ಮೇಲೆ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡದ್ದು ಭಾರತದ ರೋಸ್‌ವುಡ್ಡನ್ನು. ಅದೇ ನಮ್ಮ ಪಶ್ಚಿಮ ಘಟ್ಟದ ಬೀಟೆ. ಈ ಕುಲದ ಮರಗಳೆಲ್ಲ 2017ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ರಿಯಾಯಿತಿ ಸಿಕ್ಕಿತು. ಈ ನಡುವೆ ಫೆಂಡರ್ ತನ್ನ ಕೆಲವು ಮಾದರಿಗಳಿಗೆ ಪೌ ಫೆರೋ ಎಂಬ ಬೇರೆ ಮರ ಬಳಸತೊಡಗಿತು. ಕಣ್ಣು ಕಟ್ಟಿದರೆ ಗೊತ್ತಾಗದ ವ್ಯತ್ಯಾಸಕ್ಕಾಗಿ ನಿಧಾನವಾಗಿ ಬೆಳೆಯುವ ಬೀಟೆಯನ್ನೇ ಬೇಡುವುದು ಸರಿಯೇ ಎಂದು ಕೇಳಿಕೊಳ್ಳಬೇಕಾದವರು ವಾದಕರೇ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಹೆಗಲಿಗೆ ಹಾಕಿ ಹದಿನೈದು ನಿಮಿಷ ನಿಂತು ನುಡಿಸಿ ನೋಡಿ. ಎರಡು ಗಿಟಾರ್ ಹೋಲಿಸುವಾಗ ಒಂದೇ ಆಂಪ್, ಒಂದೇ ಜೋರು ಇರಲಿ, ಏಕೆಂದರೆ ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಗೆಳೆಯರೊಬ್ಬರಿಗೆ ನುಡಿಸಲು ಹೇಳಿ, ನೀವು ಬೆನ್ನು ತಿರುಗಿಸಿ ಕೇಳಿ. ಫೆಂಡರ್‌ಗೆ ಸ್ಕ್ವಯರ್, ಗಿಬ್ಸನ್‌ಗೆ ಎಪಿಫೋನ್ ಎಂಬ ಕಡಿಮೆ ಬೆಲೆಯ ಬ್ರ್ಯಾಂಡ್‌ಗಳಿವೆ, ಅದೇ ವಿನ್ಯಾಸ ಅವುಗಳಲ್ಲೂ ಸಿಗುತ್ತದೆ. ತಂತಿಯ ಎತ್ತರ ಸರಿಹೊಂದಿಸಿಕೊಂಡ ಸಾಧಾರಣ ಗಿಟಾರ್, ಹೊಂದಿಸದ ದುಬಾರಿ ಗಿಟಾರ್‌ಗಿಂತ ಬೆರಳಿಗೆ ಹಿತ.

'ನನಗೆ ಲೆಸ್ ಪಾಲ್ ಇಷ್ಟ' ಎನ್ನುವವರಿಂದ ಯಾರೂ ಪುರಾವೆ ಕೇಳಬೇಕಿಲ್ಲ. ಕೈಗೆ ಒಗ್ಗಿದ್ದು, ನೆಚ್ಚಿನ ಕಲಾವಿದರ ನೆನಪು, ಬಣ್ಣದ ಮೋಹ, ಇವೆಲ್ಲ ಇಷ್ಟಕ್ಕೆ ಸಾಕಷ್ಟು ಕಾರಣ. 'ಲೆಸ್ ಪಾಲ್ ಒಂದೇ ಅಸಲಿ' ಎಂದಾಗ ಮಾತ್ರ ಪುರಾವೆ ಬೇಕು. ಮುಂದಿನ ಸಲ ಅಂಥ ಸಂದೇಶ ಬಂದರೆ, ಕಳಿಸುವ ಮುನ್ನ ಅದರ ಆರಂಭಕ್ಕೆ 'ನನಗೆ' ಎಂಬ ಒಂದು ಪದ ಸೇರಿಸಿ. ಬಹುಪಾಲು ಸಂದೇಶಗಳು ಅಷ್ಟಕ್ಕೇ ಸರಿಹೋಗುತ್ತವೆ.