ಪ್ರಯೋಗ ಮುಗಿದ ಮೇಲೆ ಊರಿಗೆ ಸಲ್ಲಬೇಕಾದ ಬಾಕಿ

ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಬಳಕೆಗಾಗಿ ಮಿಸೊಪ್ರೊಸ್ಟಾಲ್ ಗುಳಿಗೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿ ಸೇರಿತು. ಅದಕ್ಕೆ ಆಧಾರವಾದ ಮುಖ್ಯ ಪುರಾವೆಗಳಲ್ಲೊಂದು ಸಿದ್ಧವಾದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರ ಜೊತೆಗೂಡಿ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಈ ಪ್ರಯೋಗ ನಡೆಸಿತು. 1620 ಹೆಂಗಸರಲ್ಲಿ 812 ಮಂದಿಗೆ ಔಷಧದ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇದ್ದ ಹುಸಿ ಗುಳಿಗೆ. ಕೂಸು ಹುಟ್ಟಿದ ಮೇಲೆ ನರ್ಸಬಾಯಿ ಬಾಣಂತಿಯ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಳು. ಅದರ ತುದಿಯಲ್ಲಿ ಇಳಿಬಿದ್ದ ಚೀಲದ ಮೇಲೆ ಅಳತೆಯ ಗೆರೆಗಳಿದ್ದವು. ಹರಿದ ರಕ್ತ ಅದರಲ್ಲಿ ಸೇರುತ್ತಿತ್ತು. 500 ಮಿಲಿಲೀಟರ್ ಮುಟ್ಟಿದರೆ ಅಪಾಯವೆಂದು ಲೆಕ್ಕ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಹುಸಿ ಗುಳಿಗೆ ನುಂಗಿದವರಲ್ಲಿ ಶೇಕಡ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾಗಿತ್ತು, ಔಷಧ ನುಂಗಿದವರಲ್ಲಿ ಶೇಕಡ 6.4ರಷ್ಟು ಮಂದಿಗೆ. ತೀವ್ರ ಸ್ರಾವ ಶೇಕಡ 1.2ರಿಂದ 0.2ಕ್ಕೆ ಇಳಿದಿತ್ತು. ಚಳಿ ನಡುಕ, ಜ್ವರ ಹೆಚ್ಚಾಗಿ ಕಂಡರೂ ಬೇಗ ಇಳಿಯುತ್ತಿದ್ದವು.

ಇಂಥ ಪ್ರಯೋಗಗಳ ಬಗ್ಗೆ ಎದ್ದಿರುವ ವಾದವೆಲ್ಲ ಹುಸಿ ಗುಳಿಗೆಯ ಸುತ್ತಲೇ ಸುತ್ತುತ್ತದೆ. ಗರ್ಭಕೋಶ ಕುಗ್ಗಿಸುವ ಔಷಧ ರಕ್ತಸ್ರಾವ ತಡೆಯುತ್ತದೆಂಬುದು ಇಂಗ್ಲೆಂಡಿನ ಬ್ರಿಸ್ಟಲ್ ಪ್ರಯೋಗದಿಂದ 1988ರಲ್ಲೇ ಗೊತ್ತಾಗಿತ್ತು. ಅಲ್ಲಿ ಔಷಧವೂ ಸೇರಿದ ಸಕ್ರಿಯ ಆರೈಕೆ ಪಡೆದವರಲ್ಲಿ ಶೇಕಡ 5.9, ಪಡೆಯದವರಲ್ಲಿ 17.9 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಹಾಗಿದ್ದ ಮೇಲೆ 808 ತಾಯಂದಿರಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟದ್ದು ನ್ಯಾಯವೇ? ಸಂಶೋಧಕರ ಉತ್ತರ ಹೀಗಿದೆ: ಬ್ರಿಸ್ಟಲ್ಲಿನ ಚುಚ್ಚುಮದ್ದು ಬೆಳಗಾವಿಯ ಹಳ್ಳಿಯಲ್ಲಿ ಇರಲಿಲ್ಲ. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಸೂಜಿ ಬೇಕು, ಚುಚ್ಚುವ ಅಧಿಕಾರವೂ ಬೇಕು. ಪ್ರಯೋಗವಿಲ್ಲದಿದ್ದರೂ ಆ ತಾಯಂದಿರಿಗೆ ಏನೂ ಸಿಗುತ್ತಿರಲಿಲ್ಲ, ಆದ್ದರಿಂದ ಅವರಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ. ಈ ಉತ್ತರ ಸುಳ್ಳಲ್ಲ. ಆ ಮಾಹಿತಿ ಬೇಕಿತ್ತು, ಅದು ಬಂದದ್ದರಿಂದ ಬೇರೆ ದೇಶಗಳಲ್ಲೂ ಜೀವಗಳು ಉಳಿದಿವೆ. ಆದರೆ ಈ ಉತ್ತರದೊಳಗೆ ಒಂದು ಒಪ್ಪಿಗೆಯೂ ಅಡಗಿದೆ. ಹಳ್ಳಿಯ ಹೆರಿಗೆಗೆ ಸರಕಾರ ಔಷಧ ಮುಟ್ಟಿಸಿರಲಿಲ್ಲ ಎಂಬ ವೈಫಲ್ಯವೇ ಅಲ್ಲಿ ಹುಸಿ ಗುಳಿಗೆಗೆ ಪರವಾನಗಿಯಾಯಿತು. ಕೊರತೆಯನ್ನು ಬಳಸಿಕೊಂಡು ಜ್ಞಾನ ಗಳಿಸಿದವರು ಆ ಕೊರತೆಯನ್ನು ತುಂಬುವ ಹೊಣೆಯನ್ನೂ ಹೊರಬೇಕು. ಹುಸಿ ಗುಳಿಗೆ ಸರಿಯೋ ತಪ್ಪೋ ಎಂಬುದರ ಜೊತೆಗೆ, ಫಲಿತಾಂಶ ಬಂದ ಮರುದಿನ ಆ ಊರಿಗೆ ಏನು ಬಂತು ಎಂದೂ ಕೇಳಬೇಕು ಎಂಬುದು ನನ್ನ ವಾದ.

ನಮ್ಮ ಕಾನೂನು ಈ ಪ್ರಶ್ನೆಗೆ ಕುರುಡಾಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಹಲವು ಒಳ್ಳೆಯ ಕೆಲಸ ಮಾಡಿವೆ: ಪ್ರಯೋಗದಿಂದ ಹಾನಿಯಾದರೆ ಪರಿಹಾರ, ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ನೀತಿ ಸಮಿತಿಗಳ ನೋಂದಣಿ. ಪ್ರಯೋಗದ ನಂತರವೂ ಔಷಧ ಉಚಿತವಾಗಿ ಕೊಡಬೇಕೆಂಬ ಅಂಶವೂ ಇದೆ. ಆದರೆ ಅದು ಪ್ರಯೋಗಕ್ಕೆ ಒಳಗಾದ ವ್ಯಕ್ತಿಗೆ ಮಾತ್ರ, ಅದೂ ಸಂಶೋಧಕರ ಶಿಫಾರಸು, ನೀತಿ ಸಮಿತಿಯ ಒಪ್ಪಿಗೆ ಇದ್ದರೆ, ಬೇರೆ ಚಿಕಿತ್ಸೆ ಇಲ್ಲದಿದ್ದರೆ. ಸಕ್ಕರೆ ಕಾಯಿಲೆಯ ಔಷಧಕ್ಕೆ ಇದು ಹೊಂದುತ್ತದೆ, ಹೆರಿಗೆಗೆ ಹೊಂದುವುದಿಲ್ಲ. ಹೆರಿಗೆಯ ಗುಳಿಗೆ ಒಂದೇ ಸಲ ನುಂಗುವಂಥದ್ದು, ಫಲಿತಾಂಶ ಬರುವ ಹೊತ್ತಿಗೆ ಆ ತಾಯಿಗೆ ಅದರ ಅಗತ್ಯವಿಲ್ಲ. ಬೇಕಾಗಿರುವುದು ಅವಳ ತಂಗಿಗೆ, ನಾದಿನಿಗೆ, ಮುಂದೆ ಬರುವ ಸೊಸೆಗೆ. ಪ್ರಸೂತಿ ಸಂಶೋಧನೆಯಲ್ಲಿ ಋಣ ತೀರಬೇಕಾದದ್ದು ಊರಿಗೆ, ನಿಯಮ ನೋಡುವುದು ಒಬ್ಬಳನ್ನು ಮಾತ್ರ.

ತಡವಾದರೆ ಏನಾಗುತ್ತದೆ ಎಂಬುದಕ್ಕೂ ಈ ಗುಳಿಗೆಯೇ ಉದಾಹರಣೆ. ಮನೆಯಲ್ಲೇ ಹೆರಿಗೆಯಾಗುವವರಿಗಾಗಿ ಮಿಸೊಪ್ರೊಸ್ಟಾಲನ್ನು ಸಮುದಾಯದ ಮಟ್ಟದಲ್ಲಿ ಮುಂಚಿತವಾಗಿ ಹಂಚುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ ತಂದದ್ದು 2013ರಲ್ಲಿ, ಬೆಳಗಾವಿಯ ಫಲಿತಾಂಶ ಬಂದು ಏಳು ವರ್ಷಗಳ ಮೇಲೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರರಲ್ಲಿ 65ರ ಆಸುಪಾಸು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು, 2015–16ರಲ್ಲಿ ಅದು 94ಕ್ಕೆ ಏರಿತ್ತು. ಮನೆಯಲ್ಲಿ ಹೆರುವವರೇ ವಿರಳವಾಗುವ ಹೊತ್ತಿಗೆ ಮನೆ ಹೆರಿಗೆಯ ಗುಳಿಗೆಗೆ ಮಾರ್ಗಸೂಚಿ ಬಂತು. ರಕ್ತ ಅಳೆಯುವ ಚೀಲದ ಕಥೆಯೂ ಭಿನ್ನವಲ್ಲ. ಅಂಥ ಅಳತೆಯ ಚೀಲವನ್ನು ಬಳಸಿ ಸ್ರಾವವನ್ನು ಬೇಗ ಗುರುತಿಸಿ, ಕೂಡಲೇ ಚಿಕಿತ್ಸೆ ಕೊಟ್ಟರೆ ತೀವ್ರ ಅಪಾಯ ಬಹುಪಾಲು ತಪ್ಪುತ್ತದೆಂದು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಅಧ್ಯಯನ 2023ರಲ್ಲಿ ತೋರಿಸಿತು. ಬೆಳಗಾವಿಯ ಹಳ್ಳಿಗಳ ನರ್ಸಬಾಯಿಯರು ಇಪ್ಪತ್ತು ವರ್ಷ ಹಿಂದೆಯೇ ಹಿಡಿದಿದ್ದ ಸಾಧನವದು.

ಇಷ್ಟೆಲ್ಲ ಷರತ್ತು ಹಾಕಿದರೆ ಸಂಶೋಧನೆಯೇ ನಮ್ಮ ಕಡೆ ಬರುವುದಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾರೆ. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಔಷಧದಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ ಗರ್ಭಿಣಿಯರನ್ನು ಪ್ರಯೋಗಗಳಿಂದ ದೂರ ಇಟ್ಟದ್ದರಿಂದ ಅವರಿಗೆ ಕೊಡುವ ಎಷ್ಟೋ ಔಷಧಗಳಿಗೆ ಇಂದಿಗೂ ಗಟ್ಟಿ ಪುರಾವೆಯಿಲ್ಲ. ಪ್ರಯೋಗ ನಿಂತರೆ ನಷ್ಟ ತಾಯಂದಿರಿಗೇ. ಆದರೆ ಬೆಳಗಾವಿಯ ಅನುಭವ ಈ ಭಯಕ್ಕೆ ಇಂಬು ಕೊಡುವುದಿಲ್ಲ. ಅವಧಿಪೂರ್ವ ಹೆರಿಗೆ ತಡೆಯಲು ಕಡಿಮೆ ಪ್ರಮಾಣದ ಆಸ್ಪಿರಿನ್ (2020ರಲ್ಲಿ ಪ್ರಕಟ), ಹೆರಿಗೆ ನೋವಿನ ಹೊತ್ತಲ್ಲಿ ಅಜಿಥ್ರೊಮೈಸಿನ್ (2023ರಲ್ಲಿ ಪ್ರಕಟ) ಕೊಟ್ಟು ನೋಡಿದ ಹಲವು ದೇಶಗಳ ದೊಡ್ಡ ಅಧ್ಯಯನಗಳಲ್ಲೂ ಬೆಳಗಾವಿ ಇದೆ. ನುರಿತ ತಂಡ, ನಂಬಿಕೆಯಿಂದ ಹೆಸರು ಬರೆಸುವ ಹೆಂಗಸರು ಇಲ್ಲಿದ್ದಾರೆ. ಸಂಶೋಧಕರಿಗೆ ಈ ಜಿಲ್ಲೆ ಬೇಕು, ಆದ್ದರಿಂದ ಷರತ್ತು ಹಾಕುವ ಶಕ್ತಿಯೂ ಜಿಲ್ಲೆಗಿದೆ.

ಸಂಶೋಧಕರೇನು ಸರಕಾರವೇ, ಔಷಧ ಹಂಚುವುದು ಅವರ ಕೆಲಸವೇ ಎಂದು ಇನ್ನೊಂದು ಮಾತು. ಖಂಡಿತ ಅಲ್ಲ. ಅದಕ್ಕೇ ಒಪ್ಪಂದಕ್ಕೆ ರಾಜ್ಯದ ಆರೋಗ್ಯ ಇಲಾಖೆಯೂ ಮೊದಲೇ ಸಹಿ ಹಾಕಬೇಕು. ಮೊದಲ ಗರ್ಭಿಣಿಯ ಹೆಸರು ದಾಖಲಾಗುವ ಮುನ್ನವೇ ಬರೆದಿಡಬೇಕು: ಔಷಧ ಫಲ ಕೊಟ್ಟರೆ ಯಾವ ಆರೋಗ್ಯ ಕೇಂದ್ರಕ್ಕೆ, ಎಷ್ಟು ತಿಂಗಳೊಳಗೆ, ಯಾರ ಹಣದಲ್ಲಿ ಬರುತ್ತದೆ, ಫಲ ಕೊಡದಿದ್ದರೆ ಅದನ್ನು ಊರಿಗೆ ಯಾರು ಹೇಳುತ್ತಾರೆ ಎಂದು. ಫಲಿತಾಂಶ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಆರು ತಿಂಗಳೊಳಗೆ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. ಕಿತ್ತೂರಲ್ಲಾಗಲಿ ರಾಮದುರ್ಗದಲ್ಲಾಗಲಿ ಹೊಸ ಪ್ರಯೋಗಕ್ಕೆ ಒಪ್ಪಿಗೆ ಕೊಡಲು ಕೂತ ನೀತಿ ಸಮಿತಿ, ಈ ಕಾಗದ ಕಡತದಲ್ಲಿಲ್ಲದಿದ್ದರೆ ಅರ್ಜಿಯನ್ನು ಹಿಂದಕ್ಕೆ ಕಳಿಸಬೇಕು.