ಗುಳಿಗೆಗೆ ಕಷಾಯದ ಕಾವಲೇ?

ಒಂಬತ್ತನೆಯ ತರಗತಿಯಲ್ಲಿ ವಿಸರ್ಜನಾಂಗಗಳ ಪಾಠ ಮುಗಿಸಿ ‘ಪ್ರಶ್ನೆಗಳಿದ್ದರೆ ಕೇಳಿ’ ಎಂದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ನಮ್ಮಪ್ಪ ಕಬ್ಬು ಕಡ್ಯಾಕ ಹ್ವಾದಾಗ ದಿನಾ ಸ್ವಾಂಟನೋವಿಗಿ ಒಂದ್ ಗುಳಿಗಿ ತಗೋತಾನ್ರಿ. ಮ್ಯಾಲ ನೆಗ್ಗಿನಮುಳ್ಳಿನ ಕಷಾಯ ಕುಡದ್ರ ಕಿಡ್ನಿಗಿ ಏನೂ ಆಗೂದಿಲ್ಲ ಅಂತಾಳ್ರಿ ನಮ್ಮ ಆಯಿ. ಖರೇ ಏನ್ರಿ?”

ಇದು ಒಬ್ಬನ ಮನೆಯ ಪ್ರಶ್ನೆಯಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಬಗ್ಗಿದ ಸೊಂಟಗಳಿಗೆ ಲೆಕ್ಕವಿಲ್ಲ. ಆದ್ದರಿಂದ ಉತ್ತರವನ್ನು ಪಾಲಕರೂ ಓದಲಿ.

ಮೊದಲು ಗುಳಿಗೆಯ ಮಾತು. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ; ಉಳಿದದ್ದು ಮರಳಿ ರಕ್ತಕ್ಕೆ ಸೇರುತ್ತದೆ. ಬಿಸಿಲಿನಲ್ಲಿ ಬೆವರು ಸುರಿದು ದೇಹದ ನೀರು ಇಳಿದಾಗ, ಮೂತ್ರಪಿಂಡದ ರಕ್ತನಾಳ ಮುದುಡದಂತೆ ಕಾಯುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಗಾಯವಾದ ಕಡೆ ನೋವು, ಊತ ಹೆಚ್ಚಿಸುವುದೂ ಇದೇ ಗುಂಪಿನ ರಾಸಾಯನಿಕಗಳೇ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ಇವುಗಳ ತಯಾರಿಕೆಯನ್ನೇ ತಡೆಯುತ್ತವೆ. ನೋವು ಇಳಿಯುತ್ತದೆ ನಿಜ, ಆದರೆ ಮೂತ್ರಪಿಂಡದ ಕಾವಲೂ ಹೋಗುತ್ತದೆ. ವೈದ್ಯರು ಹೇಳಿದಂತೆ ನಾಲ್ಕು ದಿನ ತೆಗೆದುಕೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ತಿಂಗಳುಗಟ್ಟಲೆ ನುಂಗಿದರೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ನುಂಗಿದರೆ ಅಪಾಯ.

ಇನ್ನು ಆಯಿಯ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಆಯುರ್ವೇದದಲ್ಲಿ ಗೋಕ್ಷುರವೆಂದು ಕರೆಯುವ ನೆಗ್ಗಿನಮುಳ್ಳನ್ನೂ ಪುನರ್ನವ ಎನ್ನುವ ಕೊಮ್ಮೆಗಿಡವನ್ನೂ ಮೂತ್ರದ ತೊಂದರೆಗಳಿಗೆ ಹಿಂದಿನಿಂದಲೂ ಬಳಸುತ್ತಾರೆ. ವಿಜ್ಞಾನಿಗಳು ಜೆಂಟಾಮೈಸಿನ್ ಎಂಬ ಪ್ರತಿಜೀವಕವನ್ನು ಇಲಿಗಳಿಗೆ ಕೊಟ್ಟು, ಕೆಲವಕ್ಕೆ ಈ ಗಿಡಗಳ ಸಾರವನ್ನೂ ಕುಡಿಸಿ ನೋಡಿದ್ದಾರೆ. ಸಾರ ಕುಡಿದ ಇಲಿಗಳ ಮೂತ್ರಪಿಂಡಕ್ಕೆ ಹಾನಿ ಕಡಿಮೆಯಾದದ್ದು ಕಂಡಿದೆ. ಚೀನಾದ ಗಿಡಮೂಲಿಕೆಗಳ ಮೇಲೂ ಇಂಥ ಪ್ರಯೋಗಗಳು ಬಹಳ ನಡೆದಿವೆ. ಆದರೆ ಇಲಿಗೆ ಕೊಟ್ಟದ್ದು ಅಳತೆಯ ಸಾರ, ಅದೂ ಕೆಲವೇ ದಿನ. ಅಪ್ಪನ ವಯಸ್ಸು, ಗುಳಿಗೆ, ಬೆವರು, ಲೋಟದ ಕಷಾಯ ಯಾವುದೂ ಆ ಪ್ರಯೋಗದಲ್ಲಿರಲಿಲ್ಲ. ಅದು ಹುಡುಕಾಟದ ಆರಂಭವೇ ಹೊರತು ಗುಳಿಗೆ ನುಂಗಲು ಪರವಾನಗಿಯಲ್ಲ.

‘ಗಿಡ ತಾನೆ, ಏನು ಮಾಡೀತು?’ ಎನ್ನುವವರು ಬೆಲ್ಜಿಯಂ ದೇಶದ ಕಥೆ ಕೇಳಬೇಕು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್ ನಗರದಲ್ಲಿ ಮೈ ತೆಳ್ಳಗಾಗಲು ಔಷಧ ತೆಗೆದುಕೊಂಡ ಮಹಿಳೆಯರ ಮೂತ್ರಪಿಂಡಗಳು ಒಂದೊಂದಾಗಿ ಕೆಟ್ಟವು. 1993ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ಔಷಧದಲ್ಲಿ ಸೇರಬೇಕಿದ್ದದ್ದು ‘ಫಾಂಗ್ ಜಿ’ ಎಂಬ ಚೀನಾದ ಬೇರು. ಹೆಸರಿನ ಗೊಂದಲದಲ್ಲಿ ಸೇರಿದ್ದು ಅರಿಸ್ಟೊಲೋಕಿಯಾ ಜಾತಿಯ ಬೇರು. ಅದರಲ್ಲಿರುವ ಆಮ್ಲ ಮೂತ್ರಪಿಂಡಕ್ಕೆ ವಿಷ. ಮೂತ್ರನಾಳದ ಕ್ಯಾನ್ಸರಿಗೂ ಕಾರಣ. ನಮ್ಮಲ್ಲಿ ಹಾವಿನ ಕಡಿತಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯೂ ಇದೇ ಜಾತಿಯದು ಎಂಬುದನ್ನು ಮರೆಯಬಾರದು.

ಹಾಗೆಂದು ಗಿಡಮೂಲಿಕೆಯನ್ನು ಹಳಿಯುವುದೂ ತಪ್ಪು. ಚೀನಾದ ವಿಜ್ಞಾನಿ ತು ಯೂಯೂ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಕಂಡುಹಿಡಿದರು; ಅದಕ್ಕಾಗಿ 2015ರಲ್ಲಿ ನೊಬೆಲ್ ಬಂತು. ಗಿಡವನ್ನು ಗುರುತಿಸಿ, ಸಾರ ತೆಗೆದು, ಪ್ರಾಣಿಗಳ ಮೇಲೆ, ಬಳಿಕ ಮನುಷ್ಯರ ಮೇಲೆ ಪರೀಕ್ಷಿಸಿ ಅದು ಔಷಧವಾಯಿತು. ಸಾಂಪ್ರದಾಯಿಕ ಔಷಧಗಳನ್ನು ಹೀಗೆ ಒರೆಗೆ ಹಚ್ಚುವ ರಾಷ್ಟ್ರೀಯ ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ. ನಿಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿ ಕೆಲಸ ಮಾಡಬಾರದೇಕೆ?

ಆ ಹುಡುಗನಿಗೆ ಹೇಳಿದ್ದಿಷ್ಟು: “ಗುಳಿಗೆಯ ಹಾಳೆಯನ್ನು ಅಪ್ಪ ಡಾಕ್ಟರಿಗೆ ತೋರಿಸಲಿ. ಕಷಾಯ ಕುಡಿಯುವುದನ್ನೂ ಮುಚ್ಚಿಡದೆ ಹೇಳಲಿ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂದು ಒಮ್ಮೆ ಪರೀಕ್ಷೆ ಮಾಡಿಸಲಿ. ಕಾಲು ಬಾತರೆ, ಮೂತ್ರ ಕಡಿಮೆಯಾದರೆ ತಡ ಮಾಡುವುದು ಬೇಡ. ಆದರೆ ಇವು ಕಾಣುವವರೆಗೆ ಕಾಯುವುದೂ ಬೇಡ. ಮೂತ್ರಪಿಂಡ ಬಹಳ ಕೆಡುವವರೆಗೂ ನೋವೆಂದು ಕೂಗುವುದಿಲ್ಲ.”

“ಹೊಲಕ್ಕ ಏನ್ ಒಯ್ಬೇಕ್ರಿ ಮತ್ತ?” ಎಂದ.

“ನೀರಿನ ಕೊಡ” ಎಂದೆ.