ಉಂಡಿಗೆ ಬಂದ ಕೋಡು

ಈ ಸಲದ ಅಂಕಣದಲ್ಲಿ ನಮ್ಮ ಪರಿಚಯವನ್ನು ನಾವೇ ಮಾಡಿಕೊಡಬೇಕೆಂದು ಸಂಪಾದಕರ ಅಪ್ಪಣೆಯಾಗಿದೆ. 'ನಾವು' ಎಂದೊಡನೆ ದೊಡ್ಡ ಬಳಗವೇ ಬಂದಿತೆಂದು ಗಾಬರಿಯಾಗಬೇಡಿ, ನಾವು ಒಬ್ಬರೇ. ಊರು ಧಾರವಾಡ, ಬಿಡಾರ ಪುಣೆ, ಹೊಟ್ಟೆಪಾಡು ಹಿಂಜವಡಿಯಲ್ಲಿ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸ. ಎಂದರೆ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಯಂತ್ರಕ್ಕೆ ಹಗಲೆಲ್ಲ ತಪ್ಪಾಗಿ ಹೇಳಿ, ರಾತ್ರಿಯೆಲ್ಲ ಆ ತಪ್ಪನ್ನು ಹುಡುಕುವುದು.

ಪುಣೆಯಲ್ಲಿ ಸ್ವಂತ ಮನೆ ಕಟ್ಟುವ ಯೋಗ ಇನ್ನೂ ಕೂಡಿಬಂದಿಲ್ಲ. ಆದಕಾರಣ ಅಂತರಜಾಲದಲ್ಲಿ ಸ್ವಂತದ್ದೊಂದು ತಾಣ ಕಟ್ಟಿಕೊಂಡಿದ್ದೇವೆ. ಅಲ್ಲಿ ನಮ್ಮದೊಂದು ಫೋಟೋ ಇದೆ, ತಲೆಯಲ್ಲಿ ಕೂದಲಿದ್ದ ಕಾಲದ್ದು. ಖಾಯಂ ವಾಚಕರು ಒಬ್ಬರೇ: ಧಾರವಾಡದಲ್ಲಿರುವ ನಮ್ಮ ತಾಯಿ. ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ತೆರೆದುಕೊಡುತ್ತಾನೆ. ಅವರಿಗೆ ಕನ್ನಡವಲ್ಲದೆ ಬೇರೆ ಅಕ್ಷರ ಬಾರದು. ನಮ್ಮ ಮಗಳ ಮಾತೇನೋ ಅಚ್ಚ ಧಾರವಾಡದ ಕನ್ನಡ; ಕಲಿತ ಅಕ್ಷರ ಮಾತ್ರ ಶಾಲೆಯ ಮರಾಠಿ. ಈಚೆಗೆ ಅಜ್ಜಿಯ ಕಿವಿ ಮಂದವಾಗಿ ಫೋನಿನ ಮಾತು ನಿಂತುಹೋಯಿತು. ಕಾಗದ ಬರೆಯೋಣವೆಂದರೆ ಮೊಮ್ಮಗಳಿಗೆ ಲಿಪಿಯಿಲ್ಲ.

ಉಪಾಯ ನಮ್ಮ ಕಸುಬಿನಲ್ಲಿಯೇ ಇತ್ತು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿ ತಿಳಿಯುತ್ತದೆ. ಅದಕ್ಕಾಗಿ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ದೇವನಾಗರಿಯ 'ಕ' 2325, ಕನ್ನಡದ 'ಕ' 3221, ಅಂತರ 896. 'ಮ'ವನ್ನು ನೋಡಿ, ಅಲ್ಲಿಯೂ 896! ಇದು ಆಕಸ್ಮಿಕವಲ್ಲ. ನಮ್ಮ ದೇಶದ ಹಲವು ಲಿಪಿಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದ 'ಇಸ್ಕಿ' ಎಂಬ ಕ್ರಮವನ್ನೇ ಯೂನಿಕೋಡಿನವರು 1991ರಲ್ಲಿ ಅನುಸರಿಸಿದರು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಕೆಲಸಕ್ಕೆ ಹೆಸರಾದ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಈ ಪುಣೆಯಲ್ಲಿಯೇ ಎಂಬುದು ನಮಗೊಂದು ಹೆಮ್ಮೆ.

ಸರಿ, ಮಗಳು ದೇವನಾಗರಿಯಲ್ಲಿ ಬರೆದುದಕ್ಕೆ 896 ಕೂಡಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಮೀಸೆ ತಿರುವಿದೆವು. ಮೊದಲ ಪತ್ರ ತಾಣವನ್ನೇರಿತು. ವಾರದೊಳಗೆ ತಾಯಿಯವರ ಕಾರ್ಡು ಬಂತು: "ಉಂಡಿಗೆ ಕೋಡು ಯಾವಾಗ ಬಂದವೋ ತಮ್ಮಾ?"

ಮಗಳು ಬರೆದದ್ದು 'ನನಗ ಉಂಡಿ ಕೊಡು' ಎಂದು. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಭೇದವಿಲ್ಲ. ಅಲ್ಲಿರುವುದಕ್ಕೆ 896 ಕೂಡಿಸಿದರೆ ಬರುವುದೆಲ್ಲ ದೀರ್ಘವೇ. ಎಲ್ಲಿ 'ಕೊ', ಎಲ್ಲಿ 'ಕೋ' ಎಂಬುದು ನಮ್ಮ ನಾಲ್ಕು ಸಾಲಿಗೆ ಹೇಗೆ ತಿಳಿಯಬೇಕು? ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಕಿವಿಗೆ ತಿಳಿಯುತ್ತದೆ.

ತಿದ್ದಲು ಕುಳಿತೆವು. "ಬಿಡಪ್ಪಾ, ನಾನ ತಿದ್ದತೀನಿ" ಎಂದಳು ಮಗಳು. ತಿದ್ದಲು ಎ, ಒ ಕಲಿಯಬೇಕಾಯಿತು. ಅವು ಬಂದ ಮೇಲೆ ಉಳಿದವು ತಾವೇ ಹಿಂಬಾಲಿಸಿದವು. ದೀಪಾವಳಿಯ ಹೊತ್ತಿಗೆ ಅಜ್ಜಿಗೆ ಅವಳ ಕೈಬರಹದ ಕಾಗದವೇ ಹೋಯಿತು. ಉಂಡಿಯ ಡಬ್ಬಿಯೂ ಬಂತು, ಕೋಡಿಲ್ಲದ್ದು.

ನಮ್ಮ ಪ್ರೋಗ್ರಾಂ ಈಗ ಯಾರಿಗೂ ಬೇಡ. ತಪ್ಪು ಪ್ರೋಗ್ರಾಂಗಳನ್ನು ಬಹಳ ಬರೆದಿದ್ದೇವೆ. ಇಷ್ಟು ಒಳ್ಳೆಯ ತಪ್ಪು ಇದೊಂದೇ. ಇದೇ ನಮ್ಮ ಪರಿಚಯ.